ಏಜ್ ಆಫ್ ಎಂಪೈರ್ಸ್ 2 ಡೆಫಿನಿಟಿವ್ ಎಡಿಷನ್: ಬೋನಸ್ ಮೇಲೆ ಬೋನಸ್ ಕೂಡುತ್ತದೆಯೇ?

ಕೂಡುತ್ತದೆ. ಆದರೆ ಎಲ್ಲವೂ ಒಂದೇ ಲೆಕ್ಕದಲ್ಲಿ ಅಲ್ಲ, ಯಾವುದು ಯಾವ ಲೆಕ್ಕ ಅಂತ ಆಟ ಬಾಯಿಬಿಟ್ಟು ಹೇಳುವುದೂ ಇಲ್ಲ. ಒಂದು ನಾಗರಿಕತೆ ಆಯ್ದು, ಸೈನ್ಯ ಕಟ್ಟಿ ಕಾದಾಡುವ ಈ ತಂತ್ರದ ಆಟದ ಮೂಲ 1999ರದ್ದು, ಡೆಫಿನಿಟಿವ್ ಎಡಿಷನ್ 2019ರ ನವೆಂಬರ್‌ನದ್ದು. ಚಿತ್ರ, ಧ್ವನಿ, ಅಭಿಯಾನಗಳೆಲ್ಲ ಹೊಸದಾದರೂ ಒಳಗಿನ ಲೆಕ್ಕಾಚಾರದ ಎಲುಬುಗೂಡು ಹಳೆಯದೇ. ಹಲವು ವರ್ಷ ಆಡಿದ ಮೇಲೂ ಈ ಆಟ ಬೇಸರ ತರಿಸದಿರುವುದಕ್ಕೆ ಆ ಹಳೆಯ ಲೆಕ್ಕವೇ ಕಾರಣ ಎನ್ನಬೇಕು.

ಮೊದಲು ಅಟ್ಯಾಕ್. ಒಂದು ಏಟಿನಲ್ಲಿ ಹಲವು ವರ್ಗಗಳ ಡ್ಯಾಮೇಜ್ ಇರುತ್ತದೆ. ಪ್ರತಿಯೊಂದರಿಂದಲೂ ಎದುರಾಳಿಯ ಅದೇ ವರ್ಗದ ಆರ್ಮರ್ (ಏಟು ತಡೆಯುವ ಅಂಕ) ಕಳೆದು, ಉಳಿದದ್ದನ್ನು ಒಟ್ಟುಗೂಡಿಸುತ್ತದೆ. ಯಾವ ವರ್ಗವೂ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ; ಕೊನೆಗೆ ಬರುವ ಮೊತ್ತ 1ಕ್ಕಿಂತ ಕಡಿಮೆಯಾಗುವುದಿಲ್ಲ. ಕಮ್ಮಾರಸಾಲೆಯ ಮೂರೂ ಅಟ್ಯಾಕ್ ಅಪ್‌ಗ್ರೇಡ್ (1+1+2) ಮುಗಿಸಿದ ಹಾಲ್ಬರ್ಡಿಯರ್ (ಸ್ಪಿಯರ್‌ಮನ್, ಪೈಕ್‌ಮನ್ ಆದ ಮೇಲಿನ ಈಟಿಗಾರರ ಕೊನೆಯ ದರ್ಜೆ) ತೆಗೆದುಕೊಳ್ಳಿ: ಮೂಲ ಅಟ್ಯಾಕ್ ಸೇರಿ 6+4=10. ಪೂರ್ತಿ ಅಪ್‌ಗ್ರೇಡ್ ಆದ ಪ್ಯಾಲಡಿನ್‌ನ (ಭಾರಿ ಕುದುರೆ ಸವಾರ) ಮೆಲೀ ಆರ್ಮರ್, ಅಂದರೆ ಹತ್ತಿರದ ಏಟು ತಡೆಯುವುದು, 5, ಹಾಗಾಗಿ ಉಳಿಯುವುದು 5. ಅದಕ್ಕೆ ಅಶ್ವದಳದ ಮೇಲಿನ ಬೋನಸ್ 32 ಸೇರಿದರೆ ಏಟಿಗೆ 37. ಯುದ್ಧದ ಆನೆ ಅಶ್ವದಳದ ವರ್ಗಕ್ಕೂ ಸೇರುತ್ತದೆ, ಆನೆಯ ವರ್ಗಕ್ಕೂ ಸೇರುತ್ತದೆ. ಆದ್ದರಿಂದ ಅದರ ಮೇಲೆ 32 ಮತ್ತು 28 ಎರಡೂ ಬಿದ್ದು ಬೋನಸ್ ಒಂದೇ 60 ಆಗುತ್ತದೆ. 'ಅಷ್ಟು ದುಬಾರಿ ಆನೆ ಇಷ್ಟು ಬೇಗ ಸತ್ತಿತೇಕೆ' ಎಂಬ ಹೊಸಬರ ಗೋಳಿಗೆ ಉತ್ತರ ಇಲ್ಲಿದೆ. (1999ರ ಆಟದಲ್ಲಿ ಒಂಟೆಗಳನ್ನು ಹಡಗಿನ ಆರ್ಮರ್ ವರ್ಗದಲ್ಲಿ ಸೇರಿಸಿದ್ದರು! ಆ ತಮಾಷೆ ಈಗಿಲ್ಲ.)

ಇದರ ಉಲ್ಟಾ ಬೈಜಾಂಟೈನರ ಕುದುರೆ ಸವಾರ ಎಲೀಟ್ ಕ್ಯಾಟಫ್ರಾಕ್ಟ್. ಅದಕ್ಕೆ ಅಶ್ವದಳದ ವರ್ಗದಲ್ಲೇ 16 ಆರ್ಮರ್ ಇದೆ. ಹಾಲ್ಬರ್ಡಿಯರ್‌ನ 32 ಅದರ ಮುಂದೆ 16ಕ್ಕೆ ಇಳಿಯುತ್ತದೆ, ಪೈಕ್‌ಮನ್‌ನ 22 ಬರೀ 6 ಆಗುತ್ತದೆ. ಸಾದಾ ಸ್ಪಿಯರ್‌ಮನ್‌ನ 15 ಸೊನ್ನೆಗೆ ನಿಲ್ಲುತ್ತದೆಯೇ ಹೊರತು ಮಿಕ್ಕ 1 ಬೇರೆ ವರ್ಗದ ಡ್ಯಾಮೇಜನ್ನು ಕಡಿಮೆ ಮಾಡುವುದಿಲ್ಲ.

ಸಂಕಲನದ ಬೋನಸ್‌ನಲ್ಲಿ ಹೆಚ್ಚಿನವರ ಕಣ್ಣು ತಪ್ಪಿಸುವ ಸಂಗತಿ ಒಂದಿದೆ: +1ರ ಬೆಲೆ ಎದುರಾಳಿಯ ಮೇಲೆ ನಿಂತಿದೆ. ಆರ್ಬಲೆಸ್ಟರ್‌ಗೆ (ಅಡ್ಡಬಿಲ್ಲುಗಾರ) ಮೂಲ ಅಟ್ಯಾಕ್ 6, ಬಾಣದ ಅಪ್‌ಗ್ರೇಡ್‌ಗಳಿಂದ 3, ಒಟ್ಟು 9. ಪ್ಯಾಲಡಿನ್‌ನ ಪಿಯರ್ಸ್ ಆರ್ಮರ್ (ಬಾಣ ತಡೆಯುವುದು) 7, ಅಂದರೆ ಬಾಣಕ್ಕೆ 2 ಡ್ಯಾಮೇಜ್. +1 ಕೊಡುವ ಕೆಮಿಸ್ಟ್ರಿ ಸಂಶೋಧನೆ ಮುಗಿದರೆ 3. ಬ್ಲಡ್‌ಲೈನ್ಸ್ (ಸವಾರರ ಎಚ್‌ಪಿ, ಅಂದರೆ ಜೀವದ ಅಂಕ, ಹೆಚ್ಚಿಸುವ ಸಂಶೋಧನೆ) ಇರುವ 180 ಎಚ್‌ಪಿಯ ಪ್ಯಾಲಡಿನ್ ಉರುಳಲು ಮೊದಲು 90 ಬಾಣ ಬೇಕಿತ್ತು, ಈಗ 60 ಸಾಕು. ಒಂದೇ ಒಂದು ಅಂಕ, ಶೇ 50ರಷ್ಟು ಲಾಭ. ಅದೇ +1 ಅನ್ನು ಪ್ಯಾಲಡಿನ್‌ನ 18ರ ಅಟ್ಯಾಕ್ ಮೇಲೆ ಹಾಕಿದರೆ ಬಹಳ ಸಲ ಗೊತ್ತೇ ಆಗುವುದಿಲ್ಲ. ಚಿಕ್ಕ ಏಟನ್ನು ಪದೇಪದೇ ಕೊಡುವ ಯುನಿಟ್‌ಗೆ ಮೊದಲು ಅಟ್ಯಾಕ್ ಅಪ್‌ಗ್ರೇಡ್ ಮಾಡಿಸಬೇಕು.

ಶೇಕಡಾ ಬೋನಸ್‌ಗಳದ್ದು ಗುಣಾಕಾರ. ಕೆಲ್ಟರ ಕಾಲಾಳಿಗೆ ಶೇ 15 ಹೆಚ್ಚು ವೇಗ, ಸ್ಕ್ವೈರ್ಸ್ ಸಂಶೋಧನೆಯಿಂದ ಶೇ 10. ಒಟ್ಟು 25 ಅಲ್ಲ, 26.5. ವ್ಯತ್ಯಾಸ ಚಿಕ್ಕದು, ಕುದುರೆಯಿಂದ ತಪ್ಪಿಸಿಕೊಳ್ಳಲು ಅದು ನೆರವಾಗುವುದಿಲ್ಲ ಬಿಡಿ. ಗೊಂದಲ ಹುಟ್ಟುವುದು 'ಬೇಗ ಹೊಡೆಯುತ್ತದೆ' ಎಂಬ ವಿವರಣೆಯಲ್ಲಿ. ಜಪಾನೀಯರ ಕಾಲಾಳು ಶೇ 33 ಬೇಗ ಎಂದರೆ ಎರಡು ಏಟಿನ ನಡುವಿನ ಸಮಯ ಶೇ 25 ಕಡಿಮೆ ಎಂದರ್ಥ: 2 ಸೆಕೆಂಡ್ ಇದ್ದದ್ದು 1.5 ಆಗುತ್ತದೆ. ಇಥಿಯೋಪಿಯನ್ನರ ಬಿಲ್ಲುಗಾರರಿಗೆ ತಮ್ಮದೇ ಶೇ 18 ಇದೆ, ಮೇಲಿಂದ ಥಂಬ್ ರಿಂಗ್ (ಬಿಲ್ಲುಗಾರರ ವೇಗ, ಗುರಿ ಸುಧಾರಿಸುವ ಸಂಶೋಧನೆ) ಕೊಡುವ ಇನ್ನೊಂದು 18. ಇವು ಒಂದರ ಮೇಲೊಂದು ಕೂತು 2 ಸೆಕೆಂಡ್ ಮೊದಲು 1.7ಕ್ಕೆ, ಆಮೇಲೆ ಸುಮಾರು 1.45ಕ್ಕೆ ಇಳಿಯುತ್ತದೆ. ಎತ್ತರದ ನೆಲದ ಗುಣಾಕಾರ ಎಲ್ಲಕ್ಕಿಂತ ಕೊನೆಯದು: ಮೇಲಿನಿಂದ ಹೊಡೆದರೆ 1.25, ಕೆಳಗಿನಿಂದ 0.75. ಗುಡ್ಡದ ಮೇಲಿನ ಹಾಲ್ಬರ್ಡಿಯರ್‌ನ 37 ಹೀಗೆ 46.25 ಆಗುತ್ತದೆ. ಬೋನಸ್ ಡ್ಯಾಮೇಜೂ ಸೇರಿ ಹಿಗ್ಗುವುದರಿಂದ, ಎದುರಾಳಿ ಗುಡ್ಡ ಹಿಡಿದಿದ್ದರೆ ಅವನ ಈಟಿಗಾರರ ಮೇಲೆ ಕುದುರೆ ಹತ್ತಿಸುವುದು ಶುದ್ಧ ದಂಡ.

ಬೋನಸ್‌ಗಳ ರಾಶಿ ಮಿತಿಮೀರದಂತೆ ಈ ಆಟ ಮೇಲಿನಿಂದ ಮುಚ್ಚಳ ಹಾಕುವುದಿಲ್ಲ, ಟೆಕ್ ಟ್ರೀಯಲ್ಲಿ (ಆಯಾ ನಾಗರಿಕತೆಗೆ ಸಿಗುವ ಯುನಿಟ್, ಸಂಶೋಧನೆಗಳ ಪಟ್ಟಿ) ತೂತು ಬಿಡುತ್ತದೆ. ಫ್ರಾಂಕ್‌ರ ಅಶ್ವದಳಕ್ಕೆ ಶೇ 20 ಹೆಚ್ಚು ಎಚ್‌ಪಿ, ಆದರೆ ಬ್ಲಡ್‌ಲೈನ್ಸ್ ಇಲ್ಲ. 160ರ ಪ್ಯಾಲಡಿನ್ 192 ಆಗುತ್ತದೆ, ಉಳಿದವರದ್ದು 180. ಬರೀ 12ರ ಅಂತರ ಅನ್ನಿಸಬಹುದು, ಆದರೆ 37ರ ಏಟಿಗೆ 180 ಐದು ಸಲಕ್ಕೆ ಮುಗಿಯುತ್ತದೆ, 192ಕ್ಕೆ ಆರನೆಯದು ಬೇಕು. ಬ್ರಿಟನ್ನರ ಎಲೀಟ್ ಲಾಂಗ್‌ಬೋಮನ್‌ಗೆ ಮೂಲ ರೇಂಜ್ 6, ಅಪ್‌ಗ್ರೇಡ್ 3, ನಾಗರಿಕತೆಯ ಬೋನಸ್ 2, ಯೋಮನ್ ಸಂಶೋಧನೆ 1, ಎಲ್ಲ ಕೂಡಿ 12. ಅವರಿಗೆ ಥಂಬ್ ರಿಂಗ್ ಇಲ್ಲ, ಹಾಗಾಗಿ ದೂರದ ಬಾಣಗಳಲ್ಲಿ ಕೆಲವು ಗುರಿ ತಪ್ಪುತ್ತವೆ. ಅಜ್ಟೆಕರಿಗೆ ಗಾರ್ಲಂಡ್ ವಾರ್ಸ್ ಸಂಶೋಧನೆಯಿಂದ ಕಾಲಾಳಿನ ಅಟ್ಯಾಕ್‌ಗೆ +4 ಸಿಗುತ್ತದೆ, ಚಾಂಪಿಯನ್ 13+4+4=21ಕ್ಕೆ ಏರುತ್ತಾನೆ; ಹಾಲ್ಬರ್ಡಿಯರ್ ಮಾತ್ರ ಇಲ್ಲ. ಈ ವಿನ್ಯಾಸವೇ ಆಟದ ದೊಡ್ಡ ಶಕ್ತಿ. ಹೊಸ ಡಿಎಲ್‌ಸಿಗಳ (ಬೇರೆಯಾಗಿ ಮಾರುವ ಸೇರ್ಪಡೆಗಳು) ಕೆಲವು ನಾಗರಿಕತೆಗಳಲ್ಲಿ ಈ ಬಿಗಿ ಸಡಿಲವಾಗಿದೆ. ಒಂದು ಯುನಿಟ್‌ಗೆ ನಾಲ್ಕಾರು ವಿಶೇಷ ಸಾಮರ್ಥ್ಯ ತುರುಕಿದರೆ ಎದುರಿನವನಿಗೆ ಓದಿಕೊಳ್ಳುವುದೇ ಕಷ್ಟ.

ಒಮ್ಮೆ ಮಾತ್ರ ಲೆಕ್ಕಕ್ಕೆ ಬರುವವೂ ಇವೆ. ತಂಡದಲ್ಲಿ ಇಬ್ಬರು ಒಂದೇ ನಾಗರಿಕತೆ ಆಯ್ದುಕೊಂಡರೆ ಅದರ ತಂಡದ ಬೋನಸ್ ಎರಡು ಪಟ್ಟಾಗುವುದಿಲ್ಲ. ರೋಮನ್ನರ ಸೆಂಚೂರಿಯನ್ ಸುತ್ತಲಿನ ಕಾಲಾಳನ್ನು ಚುರುಕುಗೊಳಿಸುತ್ತಾನೆ, ಪಕ್ಕದಲ್ಲಿ ಎರಡನೆಯ ಸೆಂಚೂರಿಯನ್ ನಿಂತರೆ ಚುರುಕು ಹೆಚ್ಚುವುದಿಲ್ಲ. ಅವರನ್ನು ಸಾಲಿನುದ್ದಕ್ಕೂ ಹಂಚಿ ನಿಲ್ಲಿಸಿ. ಕಟ್ಟಡ ಕಟ್ಟುವವರು ಪೂರ್ತಿ ಕೂಡುವುದಕ್ಕೂ ಕೂಡದಿರುವುದಕ್ಕೂ ಮಧ್ಯದಲ್ಲಿದ್ದಾರೆ: ಮೂಲ ಸಮಯವನ್ನು 3ರಿಂದ ಗುಣಿಸಿ, ಕಟ್ಟುವವರ ಸಂಖ್ಯೆಗೆ 2 ಕೂಡಿಸಿ ಅದರಿಂದ ಭಾಗಿಸಬೇಕು. 200 ಸೆಕೆಂಡಿನ ಕ್ಯಾಸಲ್ ನಾಲ್ವರಿಗೆ 100, ಹತ್ತು ಜನರಿಗೆ 50. ಶತ್ರು ಬಾಗಿಲಲ್ಲಿ ಇಲ್ಲದಿದ್ದರೆ ನಾಲ್ಕೈದು ಜನಕ್ಕಿಂತ ಹೆಚ್ಚು ಹಾಕುವುದು ಮರ ಕಡಿಯುವ ಕೈಗಳನ್ನು ದಂಡ ಮಾಡಿದಂತೆ.

ಕಾಗದದ ಲೆಕ್ಕ ಮೈದಾನದಲ್ಲಿ ಕೈಕೊಡುವುದಕ್ಕೆ ದೊಡ್ಡ ಕಾರಣ ಜಾಗ. ಮುಂದಿನ ಸಾಲು ಮಾತ್ರ ಹೊಡೆಯುತ್ತದೆ, ಹಿಂದಿನವರು ದಾರಿ ಹುಡುಕುತ್ತ ಅಲೆಯುತ್ತಾರೆ. ಈ ದಾರಿ ಹುಡುಕಾಟ ಕೆಲವು ಪ್ಯಾಚ್‌ಗಳ ನಂತರ ಕೆಡುವುದು ಹಳೆಯ ರೋಗ. ಇಂಕಾಗಳ ಈಟಿಗಾರ ಕಾಮಾಯುಕ್‌ಗೆ ಇರುವ 1 ರೇಂಜ್ ಇಲ್ಲಿ ಚಿನ್ನ, ಎರಡನೆಯ ಸಾಲೂ ಕೈ ಚಾಚುತ್ತದೆ.

ಅನುಮಾನವಿದ್ದರೆ ಸಿನಾರಿಯೋ ಎಡಿಟರ್ ತೆರೆಯಿರಿ. ಸಮತಟ್ಟಾದ ನಕ್ಷೆ, ಇಬ್ಬರು ಆಟಗಾರರು, ಪರಸ್ಪರ ಶತ್ರುಗಳು, ಇಬ್ಬರಿಗೂ ಪೋಸ್ಟ್ ಇಂಪೀರಿಯಲ್ ಯುಗ. ಎರಡೂ ಕಡೆ ಒಂದೊಂದು ಯುನಿಟ್ ಇಟ್ಟು ಟೆಸ್ಟ್ ಒತ್ತಿ, ಪ್ರತಿ ಏಟಿಗೆ ಎಚ್‌ಪಿ ಎಷ್ಟು ಇಳಿಯಿತೆಂದು ನೋಡಿ. ಒಂದು ಸಲಕ್ಕೆ ಒಂದೇ ಬೋನಸ್ ಬದಲಿಸಿ. ಪ್ಯಾಚ್ ಬಂದಾಗ ಅಂಕಿಗಳು ಬದಲಾಗುತ್ತವೆ, ಕೂಡುವ ಗುಣಿಸುವ ಕ್ರಮ ಸಾಮಾನ್ಯವಾಗಿ ಹಾಗೇ ಇರುತ್ತದೆ. ಆಟದ ಪಠ್ಯ ಹಿಂದಿಯಲ್ಲಿದೆ, ಕನ್ನಡದಲ್ಲಿಲ್ಲ. ರಾಜೇಂದ್ರ ಚೋಳನ ಅಭಿಯಾನ ಬೇಕಿದ್ದವರು 2022ರ ಡೈನಾಸ್ಟೀಸ್ ಆಫ್ ಇಂಡಿಯಾವನ್ನು ಬೇರೆಯಾಗಿ ಕೊಳ್ಳಬೇಕು.