ಆಟಕ್ಕೆ ಬೆನ್ನು ಮಾಡಿ ನಿಂತವರಿಗೆ

ಕಳೆದ ಶನಿವಾರ ನಮ್ಮ ಐಸ್ ಹಾಕಿ ತಂಡದವರು ಕ್ಯಾನ್ಸರ್ ರೋಗಿಗಳ ನೆರವಿಗೆ ಅಂತ ಒಂದು ಪಂದ್ಯ ಇಟ್ಟುಕೊಂಡಿದ್ದರು. ಟಿಕೆಟ್ ತಗೊಂಡು ಹೋಗಿದ್ದೆ. ಆಟದ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಆ ಸಂಜೆಯನ್ನು ನಡೆಸಿಕೊಟ್ಟವರ ಬಗ್ಗೆ ನಾಲ್ಕು ಮಾತು ಹೇಳಬೇಕು ಅನ್ನಿಸಿದೆ. ಐದಕ್ಕೆ ಐದು ಕೊಡುತ್ತೇನೆ. ಒಂದು ಕೊರತೆ ಇತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಬಾಗಿಲು ದಾಟಿದ ಕೂಡಲೇ ಒಂದು ಉದ್ದದ ಮೇಜು. ಅದರ ಮೇಲೆ ಬಿಳಿ ರಟ್ಟುಗಳು, ತಿಳಿ ನೇರಳೆ ಮಾರ್ಕರ್‌ಗಳು. ರಟ್ಟಿನ ಮೇಲೆ ‘ಐ ಫೈಟ್ ಫಾರ್’ ಅಂತ ಅಚ್ಚಾಗಿತ್ತು, ಕೆಳಗೆ ಖಾಲಿ ಜಾಗ. ಯಾರಿಗಾಗಿ ಹೋರಾಡುತ್ತೀರೋ ಅವರ ಹೆಸರನ್ನು ಅಲ್ಲಿ ಬರೆಯಬೇಕು. ಅಮೆರಿಕ, ಕೆನಡಾದ ದೊಡ್ಡ ಲೀಗ್ ಎನ್‌ಎಚ್‌ಎಲ್ ತನ್ನ ಆಟಗಾರರ ಸಂಘದ ಜೊತೆ ಸೇರಿ 1998ರಲ್ಲಿ ‘ಹಾಕಿ ಫೈಟ್ಸ್ ಕ್ಯಾನ್ಸರ್’ ಶುರು ಮಾಡಿತು. ಅಲ್ಲಿ ಬೆಳೆದ ರೂಢಿಯನ್ನೇ ಈಗ ಸಣ್ಣ ತಂಡಗಳೂ ಹಿಡಿದಿವೆ. ತಿಳಿ ನೇರಳೆ ಯಾವುದೋ ಒಂದು ಬಗೆಯ ಕ್ಯಾನ್ಸರಿನ ಗುರುತಲ್ಲ, ಎಲ್ಲ ಬಗೆಗೂ ಸೇರಿದ ಬಣ್ಣ.

ನಾನು ಕನ್ನಡದಲ್ಲಿ ‘ಅಕ್ಕ’ ಅಂತ ಬರೆದೆ. ಮೇಜಿನ ಹಿಂದಿದ್ದ ಹಿರಿಯ ಹೆಂಗಸು ರಟ್ಟನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡಿದರು. ಇದನ್ನು ಓದುವುದು ಹೇಗೆ ಅಂತ ಕೇಳಿದರು. ಹೇಳಿಕೊಟ್ಟೆ. ಕೆಳಗಿನ ಒತ್ತಿನ ಮೇಲೆ ಬೆರಳಿಟ್ಟು, ಈ ಪುಟ್ಟದು ಏನು ಅಂದರು. ಅದೂ ಅದೇ ಅಕ್ಷರ, ಕೆಳಗೆ ನಿಂತು ಮೇಲಿನದಕ್ಕೆ ಬಲ ಕೊಡುತ್ತೆ ಅಂದೆ. ಒಂದು ಸಲ ‘ಅಕ’ ಅಂದರು. ಆಮೇಲೆ ಗಟ್ಟಿಯಾಗಿ ‘ಅಕ್ಕ’ ಅಂದರು. ನನ್ನ ಹಿಂದೆ ಸಾಲು ಬೆಳೆಯುತ್ತಲೇ ಇತ್ತು. ಅವರು ಮಾತ್ರ ಅವಸರ ಮಾಡಲಿಲ್ಲ.

ಹೋದ ವರ್ಷ ಅಕ್ಕನಿಗೆ ರೇಡಿಯೇಷನ್ ಕೊಟ್ಟರು. ವಾರಕ್ಕೆ ಐದು ದಿನದಂತೆ ಐದು ವಾರ. 25 ದಿನವೂ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ಒಳಗೆ ಮಲಗಿಸಿ ಎಬ್ಬಿಸುವುದಕ್ಕೆ ಕಾಲು ಗಂಟೆ, ಹೋಗಿ ಬರುವುದಕ್ಕೆ ಅರ್ಧ ದಿನ. ಔಷಧಿಯ ಖರ್ಚು ಎಲ್ಲರಿಗೂ ಕಾಣುತ್ತೆ. ಓಡಾಟ, ರಜೆ, ಕೈತಪ್ಪಿದ ಸಂಬಳ ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿ ಕಾಯುತ್ತಾ ಕೂತಿದ್ದಾಗ ಒಬ್ಬ ಅಜ್ಜ ದಿನಾ ಸಿಗುತ್ತಿದ್ದರು. ಎರಡು ಬಸ್ ಬದಲಿಸಿಕೊಂಡು ಒಬ್ಬರೇ ಬರೋರು. ಒಂದು ವಾರ ಅವರು ಕಾಣಲೇ ಇಲ್ಲ. ಮತ್ತೆ ಬಂದಾಗ, ಬಸ್ ಹತ್ತುವ ಶಕ್ತಿ ಇರಲಿಲ್ಲ ಅಂದರು.

ಶನಿವಾರ ಸೇರಿದ ಹಣವೆಲ್ಲ ಹೋಗುವುದು ಇಂಥವರನ್ನು ಮನೆಯಿಂದ ಆಸ್ಪತ್ರೆಗೆ ಕರೆದೊಯ್ಯುವುದಕ್ಕೆ. ಟಿಕೆಟ್ಟಿನ ಹಿಂಬದಿಯಲ್ಲೇ ಅದನ್ನು ಒಂದು ಸಾಲಿನಲ್ಲಿ ಹಾಕಿಸಿದ್ದರು. ಈ ಕೆಲಸವನ್ನು ಆರಿಸಿಕೊಂಡವರು ಯಾರೋ ಗೊತ್ತಿಲ್ಲ. ಆ ಕಾಯುವ ಕುರ್ಚಿಗಳಲ್ಲಿ ಅವರೂ ಯಾವತ್ತೋ ಕೂತಿರಬೇಕು.

ಚಿಕಿತ್ಸೆಯಲ್ಲಿ ಇರುವವರಿಗೆ ಬಾಗಿಲ ಹತ್ತಿರದ ಎರಡು ಸಾಲು ಬಿಟ್ಟಿದ್ದರು. ನಡುವೆ ಒಂದೊಂದು ಸೀಟು ಖಾಲಿ. ಕೀಮೋ ತಗೊಳ್ಳುವವರಿಗೆ ಸೋಂಕು ಬೇಗ ತಗಲುತ್ತೆ, ಅದಕ್ಕೆ. ಪ್ರತಿ ಸೀಟಿನ ಮೇಲೂ ಒಂದು ಮಡಿಸಿದ ಹೊದಿಕೆ. ಐಸ್ ಅಂಗಳದ ಚಳಿ ಗಟ್ಟಿ ಮೈಯವರಿಗೇ ನಡುಕ ತರುತ್ತೆ, ಅಲ್ವಾ? ಒಬ್ಬ ಹುಡುಗ ಬಿಸಿ ನೀರಿನ ಫ್ಲಾಸ್ಕ್ ಹಿಡಿದು ಆ ಸಾಲುಗಳ ಬಳಿ ಸುಮ್ನೆ ಓಡಾಡಿಕೊಂಡಿದ್ದ. ಕೇಳಿದವರಿಗೆ ಮಾತ್ರ ಕೊಡುತ್ತಿದ್ದ. ಯಾರನ್ನೂ ಹೇಗಿದ್ದೀರಿ ಅಂತ ಕೆದಕುತ್ತಿರಲಿಲ್ಲ. ರೋಗಿಗಳಿಗೆ ಅದೇ ಬೇಕಾಗಿರೋದು.

ಹಣ ಕೂಡಿಸಿದ ಬಗೆಯಲ್ಲಿ ಹೊಸತೇನಿಲ್ಲ. ಫಿಫ್ಟಿ-ಫಿಫ್ಟಿ ಲಾಟರಿ ಇತ್ತು: ಅರ್ಧ ಗೆದ್ದವರಿಗೆ, ಅರ್ಧ ನಿಧಿಗೆ. ಐಸ್ ಹಾಕಿಯಲ್ಲಿ ಚೆಂಡಿನ ಬದಲು ಇರುವ ದುಂಡು ಬಿಲ್ಲೆಯೇ ಪಕ್. ಮೊದಲ ವಿರಾಮದಲ್ಲಿ ನಂಬರ್ ಹಾಕಿದ ಸ್ಪಂಜಿನ ಪಕ್‌ಗಳನ್ನು ಕೊಂಡು ಅಂಗಳದ ನಡುವಿನ ಚುಕ್ಕೆಗೆ ಗುರಿಯಿಟ್ಟು ಎಸೆಯಬೇಕು. ಎಸೆಯುವಾಗ ಖುಷಿಯೋ ಖುಷಿ. ಆದರೆ ಅಷ್ಟೂ ಪಕ್‌ಗಳನ್ನು ಹೆಕ್ಕದೆ ಐಸ್ ನಯ ಮಾಡುವ ಜಂಬೋನಿ ಒಳಗೆ ಬರುವ ಹಾಗಿಲ್ಲ. ಹನ್ನೆರಡು ಹದಿಮೂರರ ಮಕ್ಕಳು ಚೀಲ ಹಿಡಿದು ಬಗ್ಗಿಕೊಂಡು, ಜಾರಿಕೊಂಡು, ನಿಮಿಷಗಳಲ್ಲಿ ಅಂಗಳ ಖಾಲಿ ಮಾಡಿದರು.

ಇದನ್ನು ನೋಡುವಾಗ ಟೆಡ್ಡಿ ಗೊಂಬೆ ಎಸೆಯುವ ಪಂದ್ಯಗಳು ನೆನಪಾದವು. 1993ರಲ್ಲಿ ಕೆನಡಾದ ಕ್ಯಾಮ್ಲೂಪ್ಸ್‌ನಲ್ಲಿ ಶುರುವಾದದ್ದು. ತವರು ತಂಡ ಮೊದಲ ಗೋಲ್ ಹೊಡೆದ ಕೂಡಲೇ ಜನ ಗೊಂಬೆಗಳನ್ನು ಐಸ್ ಮೇಲೆ ಎಸೆಯುತ್ತಾರೆ, ಅವು ಮಕ್ಕಳಿಗೆ ಹೋಗುತ್ತವೆ. 2025ರ ಜನವರಿಯಲ್ಲಿ ಅಮೆರಿಕದ ಹರ್ಷಿಯಲ್ಲಿ 1,02,343 ಗೊಂಬೆಗಳು ಬಂದವು. ಮಳೆ ಸುರಿದ ಹಾಗೆ ಗೊಂಬೆ ಬೀಳುವ ವಿಡಿಯೋ ಎಲ್ಲರೂ ನೋಡುತ್ತಾರೆ. ಅಷ್ಟನ್ನೂ ಯಾರೋ ಹೆಕ್ಕಿದ್ದಾರೆ, ಎಣಿಸಿದ್ದಾರೆ.

ಆಟ ಮುಗಿದ ಮೇಲೆ ನೇರಳೆ ಜೆರ್ಸಿಗಳ ಹರಾಜು. ಕೊಂಡವರಿಗೆ ಆಟಗಾರರು ಮೈಮೇಲಿಂದ ತೆಗೆದು ಹಾಗೇ ಕೊಟ್ಟರು. ಬೆನ್ನಿನ ಹೆಸರುಪಟ್ಟಿ ಹೊಲಿದವರು ತಂಡದ ಸಾಮಾನು ನೋಡಿಕೊಳ್ಳುವ ಹಿರಿಯರು. ಪಕ್ಕದಲ್ಲೇ ಸೂಜಿ ದಾರ ಇಟ್ಟುಕೊಂಡು ನಿಂತಿದ್ದರು. ಒಂದು ಜೆರ್ಸಿಯ ಪಟ್ಟಿಯ ಮೂಲೆ ಕಿತ್ತುಬಂದಿತ್ತು. ಅಲ್ಲೇ ಮೊಣಕಾಲ ಮೇಲೆ ಹಾಕಿಕೊಂಡು ಆರೇಳು ಹೊಲಿಗೆ ಹಾಕಿ, ಹಲ್ಲಿನಿಂದ ದಾರ ಕಡಿದು ಕೊಟ್ಟರು. ಭುಜದ ಮೇಲೆ ಪಕ್ ಬಡಿದ ಕಪ್ಪು ಗುರುತನ್ನು ಮಾತ್ರ ಒರೆಸಲಿಲ್ಲ. ಅದಕ್ಕೇ ಅವರು ಕೊಂಡಿರೋದು ಅಂದರು.

ಕೊರತೆ ಆಗಿದ್ದೂ ಇಲ್ಲೇ. ಹಣ ಕಟ್ಟುವುದಕ್ಕೆ ಒಂದೇ ಕಿಂಡಿ. ಕಾರ್ಡ್ ಮೆಷಿನ್ ನಡುವೆ ಎರಡು ಸಲ ನಿಂತುಹೋಯಿತು. ತಲೆಗೆ ಸ್ಕಾರ್ಫ್ ಕಟ್ಟಿದ್ದ ಒಬ್ಬರು ತುಂಬಾ ಹೊತ್ತು ಗೋಡೆಗೆ ಒರಗಿ ನಿಂತಿದ್ದರು. ಮುಂದಿನ ಸಲ ದಯವಿಟ್ಟು ಎರಡು ಕಿಂಡಿ ಮಾಡಿ, ಸಾಲಿನ ಪಕ್ಕ ನಾಲ್ಕು ಕುರ್ಚಿ ಹಾಕಿ. ಸೀಟಿನ ಮೇಲೆ ಹೊದಿಕೆ ಇಡುವುದು ಹೊಳೆದವರಿಗೆ ಇದು ಕಷ್ಟವಲ್ಲ.

ಮೂರನೇ ದಿನಕ್ಕೆ ಟಿಕೆಟ್ ತಗೊಂಡವರಿಗೆಲ್ಲ ಲೆಕ್ಕ ಬಂತು. ಲಾಟರಿಯಿಂದ ಎಷ್ಟು, ಪಕ್‌ಗಳಿಂದ ಎಷ್ಟು, ಜೆರ್ಸಿಗಳಿಂದ ಎಷ್ಟು, ಎಲ್ಲ ಬೇರೆ ಬೇರೆ. ಅಚ್ಚಿನ ಖರ್ಚನ್ನು ತಂಡವೇ ಹಾಕಿಕೊಂಡಿದೆ, ನಿಧಿಯಿಂದ ಏನೂ ಮುರಿದುಕೊಂಡಿಲ್ಲ. ಕೇಳುವ ಮೊದಲೇ ಲೆಕ್ಕ ಕೊಟ್ಟಿದ್ದಕ್ಕೆ ಬೇರೆಯಾಗಿಯೇ ಒಂದು ನಮಸ್ಕಾರ.

ಅವತ್ತು ಹೊರಡುವಾಗ ಮತ್ತೆ ಆ ಉದ್ದ ಮೇಜಿನ ಬಳಿ ಬಂದೆ. ಆ ಹೆಂಗಸು ಮಾರ್ಕರ್‌ಗಳಿಗೆ ಮುಚ್ಚಳ ಹಾಕಿ ಡಬ್ಬಿಗೆ ಹಾಕುತ್ತಿದ್ದರು. ನನ್ನ ಕೈಯ ರಟ್ಟು ನೋಡಿ ‘ಅಕ್ಕ’ ಅಂದರು, ಒತ್ತು ಬಿಡದೆ. ಆಮೇಲೆ, ಯಾರು ಗೆದ್ದರು ಅಂತ ಕೇಳಿದರು. ಸಂಜೆಯಿಡೀ ಅವರು ಅಂಗಳಕ್ಕೆ ಬೆನ್ನು ಮಾಡಿ ನಿಂತಿದ್ದರು. ಕೂಗಾಟ ಕೇಳಿದ್ದರು ಅಷ್ಟೇ, ಒಂದು ಗೋಲನ್ನೂ ನೋಡಿರಲಿಲ್ಲ.

ನಾವೇ ಗೆದ್ವಿ, 4-3 ಅಂದೆ. ಮೊದಲನೇ ಗೋಲಿನಿಂದ ಒಂದೊಂದೇ ಹೇಳುತ್ತಾ ಹೋದೆ. ಮೂರನೆಯದರ ಹೊತ್ತಿಗೆ ಅವರು ಕುರ್ಚಿ ಎಳೆದುಕೊಂಡು ಕೂತರು. ಕೊನೆಯದು ಹೇಳುವಾಗ ಲಾಟರಿ ಮೇಜಿನವರೂ, ಫ್ಲಾಸ್ಕ್ ಹುಡುಗನೂ ಬಂದು ನಿಂತಿದ್ದರು.