ಎನ್‌ವಿಡಿಎ, ನರೇಟರ್: ಲಿಬ್ರೆಆಫೀಸ್‌ಗೂ ಜಾವಾ ತಂತ್ರಾಂಶಕ್ಕೂ ಯಾವುದು?

ಹಾಸನದಲ್ಲಿ ಒಂದೇ ವಿಂಡೋಸ್ ಕಂಪ್ಯೂಟರಿನಲ್ಲಿ ಎನ್‌ವಿಡಿಎ, ನರೇಟರ್ ಎಂಬ ಎರಡೂ ಪರದೆ ಓದುಗಗಳನ್ನು, ಅಂದರೆ ಕಣ್ಣು ಕಾಣದವರಿಗೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶಗಳನ್ನು, ಸರದಿಯಂತೆ ಓಡಿಸಿ ನೋಡಿದ ಮೇಲಿನ ಮಾತಿದು. ಮಾನಿಟರ್ ಆಫ್ ಮಾಡಿ, ಮೌಸ್ ಮುಟ್ಟದೆ, ಕನ್ನಡ ಪತ್ರವೊಂದನ್ನು ತಿದ್ದುವುದು ಪರೀಕ್ಷೆ.

ಶುರು ಮಾಡುವುದರಲ್ಲಿ ವಿಂಡೋಸ್ ಜೊತೆಗೇ ಬರುವ ನರೇಟರ್ ಮುಂದು. ಕಂಟ್ರೋಲ್, ವಿಂಡೋಸ್, ಎಂಟರ್ ಒಟ್ಟಿಗೆ ಒತ್ತಿದರೆ ಮಾತಾಡುತ್ತದೆ, ಏನೂ ಇಳಿಸಿಕೊಳ್ಳಬೇಕಿಲ್ಲ. ಎನ್‌ವಿಡಿಎ ಕೂಡ ಉಚಿತವೇ, ಆದರೆ ಹಾಕಿಕೊಳ್ಳಬೇಕು. ಸಕಲೇಶಪುರದ ತೋಟದ ಕಡೆ ನೆಟ್ ಸಿಗದಿದ್ದರೆ ಪೋರ್ಟಬಲ್ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಬಹುದು. ಅದು ಲಾಗಿನ್ ಪರದೆಯನ್ನೂ ಅಡ್ಮಿನ್ ಅನುಮತಿ ಕೇಳುವ ಪರದೆಯನ್ನೂ ಓದದು, ಅಷ್ಟು ಹೊತ್ತು ನರೇಟರೇ ಗತಿ.

ಪತ್ರ ಬರೆಯುವ ತಂತ್ರಾಂಶವಾದ ಲಿಬ್ರೆಆಫೀಸ್ ರೈಟರ್‌ನಲ್ಲಿ ಮಾತ್ರ ಎನ್‌ವಿಡಿಎಗೆ ಸಾಟಿಯಿಲ್ಲ. ರೈಟರ್ ತನ್ನ ಮಾಹಿತಿಯನ್ನು ಐಆಕ್ಸೆಸಿಬಲ್2 ಎಂಬ ದಾರಿಯಲ್ಲಿ ಕೊಡುತ್ತದೆ, ಎನ್‌ವಿಡಿಎಗೆ ಆ ದಾರಿ ಗೊತ್ತು. ನರೇಟರ್ ನಂಬಿರುವುದು ಯುಐ ಆಟೊಮೇಷನ್ ಎಂಬ ಬೇರೆ ದಾರಿಯನ್ನು. ಕನ್ನಡದ ದನಿಗೆ ಎನ್‌ವಿಡಿಎ ಜೊತೆಗೇ ಬರುವ ಇಸ್ಪೀಕ್ ಎನ್‌ಜಿ ಸಾಕು. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್), ಕಂಟ್ರೋಲ್, ವಿ ಒಟ್ಟಿಗೆ ಒತ್ತಿ ದನಿಯನ್ನು ಕನ್ನಡಕ್ಕೆ ತಿರುಗಿಸಿ. ದನಿ ಯಂತ್ರದಂತೆಯೇ ಇದೆ, ಆದರೂ ಒತ್ತಕ್ಷರ ತಪ್ಪಿದರೆ ಕಿವಿಗೆ ಗೊತ್ತಾಗುತ್ತದೆ.

ಜಾವಾದಲ್ಲಿ ಬರೆದ ತಂತ್ರಾಂಶ ತೆರೆದಾಗ ಎನ್‌ವಿಡಿಎ ಕಿಟಕಿಯ ಹೆಸರು ಹೇಳಿ ಸುಮ್ಮನಾದರೆ, ಜಾವಾ ತಂತ್ರಾಂಶದ ಮಾಹಿತಿಯನ್ನು ಪರದೆ ಓದುಗಕ್ಕೆ ದಾಟಿಸುವ ಜಾವಾ ಆಕ್ಸೆಸ್ ಬ್ರಿಜ್ ಆರಿದೆ ಎಂದೇ ಮೊದಲು ಅನುಮಾನಿಸಿ. ಜಾವಾದ ಬಿನ್ ಫೋಲ್ಡರಿನಲ್ಲಿ ಅದನ್ನು ಚಾಲೂ ಮಾಡುವ ಜೆಎಬಿಸ್ವಿಚ್ ಇದೆ, ಕಮಾಂಡ್ ಪ್ರಾಂಪ್ಟಿನಲ್ಲಿ ಜೆಎಬಿಸ್ವಿಚ್ಚನ್ನು ‘ಎನೇಬಲ್’ ಆಯ್ಕೆಯೊಂದಿಗೆ ಓಡಿಸಿ, ತಂತ್ರಾಂಶ ಮುಚ್ಚಿ ಮತ್ತೆ ತೆರೆಯಿರಿ. ಈ ಬದಲಾವಣೆ ಉಳಿಯುವುದು ಬಳಕೆದಾರರ ಹೋಮ್ ಫೋಲ್ಡರಿನಲ್ಲಿ. ಹಾಗಾಗಿ ಅಡ್ಮಿನ್ ಖಾತೆಯಲ್ಲಿ ಚಾಲೂ ಮಾಡಿ, ಗುಮಾಸ್ತರು ತಮ್ಮ ಖಾತೆಯಲ್ಲಿ ಕೂತರೆ ಮತ್ತೆ ಮೌನ. ಅವರ ಖಾತೆಯಲ್ಲೇ ಓಡಿಸಬೇಕು. ಕೆಲವು ತಂತ್ರಾಂಶಗಳು ತಮ್ಮದೇ ಜಾವಾವನ್ನು ಹೊತ್ತು ತರುತ್ತವೆ, ಅದರಲ್ಲಿ ಈ ಬ್ರಿಜ್ ಇರುವ ಆಕ್ಸೆಸಿಬಿಲಿಟಿ ಮಾಡ್ಯೂಲನ್ನು ಸೇರಿಸದೆ ಬಿಟ್ಟಿದ್ದರೆ ಬಳಕೆದಾರರ ಕಡೆಯಿಂದ ಮಾಡುವುದೇನೂ ಇಲ್ಲ, ತಯಾರಕರನ್ನೇ ಕೇಳಬೇಕು. ಕೇಳಿ, ನಾಚಿಕೆ ಬೇಡ.

ಜಾಸ್ ಎಂಬ ಇನ್ನೊಂದು ಪರದೆ ಓದುಗವೂ ಇದೆ, ಆದರೆ ಲೈಸೆನ್ಸ್ ಇಲ್ಲದೆ 40 ನಿಮಿಷವಷ್ಟೇ, ಆಮೇಲೆ ಕಂಪ್ಯೂಟರ್ ಮರುಚಾಲನೆ ಮಾಡಬೇಕು.

ಎನ್‌ವಿಡಿಎ, ನರೇಟರ್ ಎರಡೂ ಸೋಲುವುದು ಡಿಟಿಪಿ ಅಂಗಡಿಯಿಂದ ಬಂದ ಹಳೆಯ ನುಡಿ ಫಾಂಟಿನ ಕಡತದ ಮುಂದೆ. ಕಣ್ಣಿಗೆ ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಓದುಗ ಅದನ್ನೇ ಗೊಣಗುತ್ತದೆ, ಯಾವ ಸೆಟ್ಟಿಂಗ್ ಬದಲಿಸಿದರೂ ಅಷ್ಟೇ. ಕಡತವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಒಂದೆರಡು ಪ್ಯಾರಾದಲ್ಲಿ ಅರ್ಕಾವತ್ತು ಸರಿ ಬಂದಿದೆಯೇ ಕೇಳಿ ನೋಡಿ, ಆಮೇಲೆ ತಿದ್ದಲು ಕೂರಿ.