ಮೋಶೆಯ ಭಾರವಾದ ನಾಲಿಗೆ ಮತ್ತು ಸೆಫಾರಿಯಾ: ಹೀಬ್ರೂ ಮೂಲ ನೋಡಬೇಕೆನ್ನುವವರಿಗೆ

ದೇವರ ಕರೆ ಬಂದರೂ ಹಿಂಜರಿದ ನಾಯಕರ ಬಗ್ಗೆ ಸತ್ಯವೇದ (ಬೈಬಲ್) ಅಧ್ಯಯನ ನಡೆಸುವವರಿಗೆ ಸೆಫಾರಿಯಾ ತುಂಬ ಉಪಯೋಗಕ್ಕೆ ಬರುತ್ತದೆ. ಇದು ಯೆಹೂದ್ಯರ ಗ್ರಂಥಗಳ ಉಚಿತ ಆನ್‌ಲೈನ್ ಭಂಡಾರ, ಮೊಬೈಲ್ ಆ್ಯಪ್ ಕೂಡ ಇದೆ. ಮೆನು ಇಂಗ್ಲಿಷ್ ಮತ್ತು ಹೀಬ್ರೂನಲ್ಲಿ ಮಾತ್ರ. ಕನ್ನಡ ಸತ್ಯವೇದವನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳದೆ ಕೂತರೆ ಅರ್ಧ ಲಾಭವೂ ಸಿಗದು.

ಪರೀಕ್ಷೆಗೆ ವಿಮೋಚನಕಾಂಡ 4:10 ತೆಗೆಯಿರಿ. ಇಸ್ರಾಯೇಲ್ಯರನ್ನು ಐಗುಪ್ತದಿಂದ ಬಿಡಿಸಲು ದೇವರು ಕರೆದಾಗ 3:11ರಿಂದ 4:13ರೊಳಗೆ ಮೋಶೆ ಐದು ಸಲ ಜಾರಿಕೊಳ್ಳಲು ನೋಡುತ್ತಾನೆ: ನಾನೆಷ್ಟರವನು, ನಿನ್ನ ಹೆಸರೇನೆಂದು ಹೇಳಲಿ, ಅವರು ನಂಬುವುದಿಲ್ಲ, ನನಗೆ ಮಾತು ಬಾರದು, ಬೇರೆ ಯಾರನ್ನಾದರೂ ಕಳುಹಿಸು. ನಾಲ್ಕನೆಯ ನೆಪದಲ್ಲಿ ಮೂಲದ ಪದ ‘ಕಾವೇದ್’, ಅಂದರೆ ಭಾರ. ಬಾಯಿ ಭಾರ, ನಾಲಿಗೆ ಭಾರ. ಹೀಬ್ರೂ ಪದವನ್ನು ಆರಿಸಿದರೆ ಪಕ್ಕದಲ್ಲೇ ನಿಘಂಟು ತೆರೆಯುತ್ತದೆ.

ಅದೇ ಪದದ ಬೆನ್ನು ಹತ್ತಿ. 7:14ರಲ್ಲಿ ಭಾರವಾಗಿರುವುದು ಐಗುಪ್ತದ ಅರಸ ಫರೋಹನ ಹೃದಯ, 17:12ರಲ್ಲಿ ಮೋಶೆಯ ಕೈಗಳು. 18:18ರಲ್ಲಿ ಮಾವ ಇತ್ರೋನ ‘ಈ ಕೆಲಸ ನಿನಗೆ ಭಾರ’ ಎಂದು ಸಾವಿರ, ನೂರು, ಐವತ್ತು, ಹತ್ತು ಮಂದಿಯ ಮೇಲೆ ಅಧಿಪತಿಗಳನ್ನು ನೇಮಿಸಲು ಹೇಳುತ್ತಾನೆ. ಅರಣ್ಯಕಾಂಡ 11:14ರಲ್ಲಿ ಮೋಶೆಯೇ ‘ನನಗೆ ಭಾರ’ ಎಂದು ದೇವರ ಮುಂದೆ ಕೈಚೆಲ್ಲುತ್ತಾನೆ. ಅನುವಾದದಲ್ಲಿ ಈ ಎಳೆ ಕಡಿದುಹೋಗುತ್ತದೆ. ಅನುವಾದಕರನ್ನು ದೂರುವಂತೆಯೂ ಇಲ್ಲ. ಫರೋಹನ ಹೃದಯ ಭಾರವಾಯಿತು ಎಂದು ಕನ್ನಡದಲ್ಲಿ ಬರೆದರೆ ಅವನಿಗೆ ದುಃಖವಾಯಿತು ಎಂದೇ ಓದುತ್ತೇವೆ!

ಹೊಸಬರು ಎಡವುವುದು ಈ ನಿಘಂಟಿನಲ್ಲೇ. ಅದು ಒಂದೇ ಅಕ್ಷರಗಳ ಪದಗಳನ್ನೆಲ್ಲ ಸಾಲಾಗಿ ಮುಂದಿಡುತ್ತದೆ. ‘ಕಾವೇದ್’ ಎಂದರೆ ಪಿತ್ತಜನಕಾಂಗವೂ ಹೌದು. ಈ ವಾಕ್ಯಕ್ಕೆ ಯಾವುದು ಹೊಂದುತ್ತದೆ ಎಂದು ನೀವೇ ಆರಿಸಬೇಕು. ಸಿಕ್ಕಿದ ಅರ್ಥಗಳನ್ನೆಲ್ಲ ಒಟ್ಟು ಸೇರಿಸಿ ಪ್ರಸಂಗ ಹೆಣೆಯುವ ಚಪಲ ಬೇಡ.

ಸೆಫಾರಿಯಾದ ನಿಜವಾದ ಬಲ ಗೊತ್ತಾಗುವುದು ಅರಣ್ಯಕಾಂಡ 11ರಲ್ಲಿ. ಮೋಶೆಯ ಮೇಲಿದ್ದ ಆತ್ಮದಲ್ಲಿ ಸ್ವಲ್ಪ ತೆಗೆದು 70 ಹಿರಿಯರ ಮೇಲೆ ಇರಿಸುವ ಅಧ್ಯಾಯ ಅದು. 25ನೇ ವಚನದ ಆತ್ಮವೂ 31ರಲ್ಲಿ ಲಾವಕ್ಕಿಗಳನ್ನು ಹೊತ್ತು ತರುವ ಗಾಳಿಯೂ ಹೀಬ್ರೂನಲ್ಲಿ ಒಂದೇ ಪದ, ‘ರೂಅಹ್’. ಹಿರಿಯರಿಗೆ ಪ್ರವಾದಿಸುವ ವರ ತಂದದ್ದೂ ಜನರಿಗೆ ಮಾಂಸ ತಂದದ್ದೂ ಅದೇ. ಕನ್ನಡದ ‘ಆತ್ಮ’ದಲ್ಲಿ ಗಾಳಿ ಬೀಸುವುದಿಲ್ಲವಲ್ಲ!

ವಚನದ ಮೇಲೆ ಒತ್ತಿದರೆ ಬಲಗಡೆ ವ್ಯಾಖ್ಯಾನಗಳ ಪಟ್ಟಿ ಬರುತ್ತದೆ. ಮೊದಲು ಯೆಹೂದಿ ವ್ಯಾಖ್ಯಾನಕಾರ ರಾಶಿಯದನ್ನು (1040–1105) ತೆರೆಯಿರಿ, ಇಂಗ್ಲಿಷ್ ಅನುವಾದವೂ ಇದೆ. ಒಂದು ದೀಪದಿಂದ ಹಲವು ದೀಪ ಹಚ್ಚಿದರೂ ಮೊದಲ ದೀಪದ ಬೆಳಕು ಕುಂದದು ಎಂದು 17ನೇ ವಚನಕ್ಕೆ ಬರೆಯುತ್ತಾನೆ. 26ನೇ ವಚನಕ್ಕೆ ಅವನು ಕೊಡುವುದು ಲೆಕ್ಕ: 12 ಕುಲಕ್ಕೆ ತಲಾ 6 ಎಂದರೆ 72. ಬೇಕಾದವರು 70. ಆದ್ದರಿಂದ 70 ಚೀಟಿಯಲ್ಲಿ ‘ಹಿರಿಯ’ ಎಂದು ಬರೆದು 2 ಚೀಟಿ ಖಾಲಿ ಬಿಟ್ಟರಂತೆ. ಇದು ಪರಂಪರೆಯ ವ್ಯಾಖ್ಯಾನ, ವಚನದಲ್ಲಿರುವ ಮಾತಲ್ಲ. ಟಿಪ್ಪಣಿ ಮಾಡಿಕೊಳ್ಳುವಾಗ ಎರಡನ್ನೂ ಬೇರೆ ಬೇರೆ ಬಣ್ಣದಲ್ಲಿ ಬರೆದುಕೊಳ್ಳಿ. 25ರ ಕೊನೆಯ ಮಾತನ್ನಂತೂ ‘ಮತ್ತೆ ಪ್ರವಾದಿಸಲಿಲ್ಲ’ ಎಂದೂ ‘ನಿಲ್ಲಿಸಲೇ ಇಲ್ಲ’ ಎಂದೂ ಓದಿದ್ದಾರೆ. ಒನ್ಕೆಲೋಸನ ಅರಾಮಿಕ್ ಅನುವಾದ ಎರಡನೆಯದನ್ನು ಹಿಡಿಯುತ್ತದೆ. ವರ ಒಂದು ದಿನದ್ದೋ ಶಾಶ್ವತವೋ ಎಂಬ ಚರ್ಚೆಗೆ ಇಷ್ಟು ಸಾಕು, ಒಂದು ಗಂಟೆ ಓಡುತ್ತದೆ.

ಹಿಂಜರಿದ ಇನ್ನೊಬ್ಬ ನಾಯಕ ಗಿದ್ಯೋನನಿಗೆ ನ್ಯಾಯಸ್ಥಾಪಕರು 6:34 ನೋಡಿ. ಮೂಲದ ಕ್ರಿಯಾಪದ ಬಟ್ಟೆ ತೊಡುವುದಕ್ಕೆ ಬಳಸುವಂಥದು. ಯೆಹೋವನ ಆತ್ಮ ಗಿದ್ಯೋನನನ್ನೇ ತೊಟ್ಟುಕೊಂಡಿತು ಎಂದೂ ಹೇಳಬಹುದು. ಅರಸನಾಗಿ ಆಯ್ಕೆಯಾದ ಸೌಲ ಸಾಮಾನುಗಳ ನಡುವೆ ಅಡಗಿದ್ದು 1 ಸಮುವೇಲ 10:22ರಲ್ಲಿ. ಅಲ್ಲಿ ಅಗೆಯುವಂಥದ್ದು ಹೆಚ್ಚಿಲ್ಲ.

ಕೊರತೆಗಳೂ ಇವೆ. ಹೊಸ ಒಡಂಬಡಿಕೆಗೆ ಇಲ್ಲಿ ಜಾಗವಿಲ್ಲ, ಆದ್ದರಿಂದ 1 ಕೊರಿಂಥ 12ರ ವರಗಳಿಗೆ ಬೇರೆ ಆ್ಯಪ್ ಬೇಕು. ಅದಕ್ಕಿಂತ ಹೆಚ್ಚು ಕಾಡುವುದು ವಚನಸಂಖ್ಯೆ. ಯೆಹೋವನ ಜನರೆಲ್ಲ ಪ್ರವಾದಿಗಳಾದರೆ ಎಷ್ಟು ಚೆನ್ನ ಎಂದು ಮೋಶೆ ಅರಣ್ಯಕಾಂಡ 11:29ರಲ್ಲಿ ಆಸೆಪಟ್ಟದ್ದಕ್ಕೆ ಜೋಡಿಯಾಗಿ ಓದುವ ಯೋವೇಲ 2:28 ಸೆಫಾರಿಯಾದಲ್ಲಿ 3:1. ಮೋಶೆಯ ವಿರುದ್ಧ ಕೋರಹ ಎದ್ದ ದಂಗೆಯ ಅರಣ್ಯಕಾಂಡ 16:36 ಅಲ್ಲಿ 17:1. ಗುಂಪಿಗೆ ಹಂಚುವ ಹಾಳೆಯಲ್ಲಿ ಎರಡೂ ಸಂಖ್ಯೆ ಬರೆದಿಡಿ.